ಅಜ್ಜಿ ಕಾಲದ ದಿನದ ಊಟ ಬರೆದಿಡು

ಟೂವೂಂಬಾ, ಆಸ್ಟ್ರೇಲಿಯಾ

ಅವ್ವಾ,

ನಿನಗೆ, ಅಪ್ಪಗೆ, ಅಜ್ಜಿಗೆ ನಮಸ್ಕಾರ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಫೋನಿನಲ್ಲಿ ಮುಗಿಯದ ಮಾತು ಒಂದಿದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಜ್ಜಿ ಸಣ್ಣವಳಿದ್ದಾಗ ಮನೆಯಲ್ಲಿ ದಿನಾ ಏನು ಉಣ್ಣುತ್ತಿದ್ದರು ಅಂತ ನೀನು ಅವಳ ಹತ್ತಿರ ಕೂತು ಕೇಳಿ ಬರೆದಿಡಬೇಕು. ಹಬ್ಬದ ಊಟ ಬೇಡ. ಹೋಳಿಗೆ, ಕರಿಗಡುಬು, ಮಾದಲಿ, ಗೋಧಿ ಹುಗ್ಗಿ ಎಲ್ಲರಿಗೂ ನೆನಪಿರುತ್ತವೆ. ಹಬ್ಬ ಹುಣ್ಣಿಮೆ ಇಲ್ಲದ ದಿನ ಮುಂಜಾನೆ ಏನು, ರಾತ್ರಿ ಏನು, ನನಗೆ ಅದು ಬೇಕು.

ಇದು ತಲೆಗೆ ಬಂದಿದ್ದು ಇಲ್ಲಿಯ ಹೊಲ ನೋಡಿ. ನಮ್ಮ ಊರಿನ ಆಚೆ ಡಾರ್ಲಿಂಗ್ ಡೌನ್ಸ್ ಅಂತ ದೊಡ್ಡ ಬಯಲು ಇದೆ. ನಮ್ಮ ರೋಣ, ನರಗುಂದದ ಎರೆ ಭೂಮಿ ಇದ್ದ ಹಾಗೇ. ಅದೇ ಕಪ್ಪು ಮಣ್ಣು, ಒಣಗಿದರೆ ಅದೇ ಥರ ಕಾಲು ಸಿಕ್ಕುವಂಥ ಬಿರುಕು, ಮತ್ತೆ ಹೊಲದ ತುಂಬ ಜೋಳ! ಕೆಂಪು ತೆನೆ, ಗಿಡ್ಡ ದಂಟು. ಇಲ್ಲಿಯವರು ಅದರ ರೊಟ್ಟಿ ತಿನ್ನೋದಿಲ್ಲ, ದನಕ್ಕೆ ಹಾಕುತ್ತಾರೆ, ಇನ್ನಷ್ಟು ಚೀನಾಕ್ಕೆ ಹೋಗಿ ಅಲ್ಲಿ ಸಾರಾಯಿ ಆಗುತ್ತದೆ. ಅಜ್ಜಿಗೆ ಫೋನಿನಲ್ಲಿ ಇದನ್ನು ಹೇಳಿದರೆ, "ಕೆಂಪು ಜ್ವಾಳ ನಾವೂ ತಿಂದೇವಿ, ಅಮೆರಿಕಾದ್ದು, ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲ" ಅಂದಳು. ಅದು 1965-66ರ ಬರದ ಮಾತು, ಪಿಎಲ್ 480 ಅನ್ನೋ ಆಹಾರ ನೆರವಿನ ಒಪ್ಪಂದದಲ್ಲಿ ಅಮೆರಿಕಾದಿಂದ ಹಡಗಿನಲ್ಲಿ ಗೋಧಿ, ಜೋಳ ಬರುತ್ತಿದ್ದ ಕಾಲ. ನಮ್ಮ ಮನೆಯ ಹಂಚಿನ ಮೇಲೆ ಆ ಜೋಳ ಬೆಂದಿತ್ತು ಅನ್ನೋದು ನನಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ ನೋಡು.

ಅದಕ್ಕೂ ಹಿಂದಿನದು, 1950ರ ಆಸುಪಾಸಿನದು, ತುಂಡು ತುಂಡಾಗಿ ಹೇಳಿದಳು. ಆಗಿನ್ನೂ ಗದಗ ಮುಂಬೈ ರಾಜ್ಯದಲ್ಲಿತ್ತು, 1956ರ ನವೆಂಬರ್‌ನಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು. ಬೆಳಕು ಹರಿಯೋದರೊಳಗೆ ಅವರವ್ವ ಬೀಸುವ ಕಲ್ಲಿನ ಮುಂದೆ ಕೂತಿರುತ್ತಿದ್ದಳಂತೆ. ಅವತ್ತಿನ ಹಿಟ್ಟು ಅವತ್ತೇ. ಕುದಿಯೋ ನೀರು ಹಾಕಿ ನಾದಿ, ಬಡಿದು, ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆ ಸವರಿ, ಆಮೇಲೆ ಒಲೆಯ ಬಾಯಿಗೆ ಕೆಂಡದ ಮುಂದೆ ನಿಲ್ಲಿಸಿದರೆ ಉಬ್ಬುತ್ತಿತ್ತು. ಇಲ್ಲಿ ಅಂಗಡಿಯಲ್ಲಿ ಸಿಗೋ ಜೋಳದ ಹಿಟ್ಟು ಎಷ್ಟು ತಿಂಗಳಿನದೋ ಏನೋ, ಜಿಗಿನೇ ಇರೋದಿಲ್ಲ, ಅಂಚು ಒಡೆದು ಹೋಗುತ್ತದೆ. ಹಿಟ್ಟು ಹಳೆಯದಾದಷ್ಟೂ ಹಾಗೇ ಅಲ್ವಾ.

ರೊಟ್ಟಿ ಜೊತೆಗೆ ಹೊಲ ಕೊಟ್ಟಿದ್ದೇ ಪಲ್ಯ. ಹೆಸರುಕಾಳು, ಮಡಕಿಕಾಳು, ಪುಂಡಿಪಲ್ಯ, ಇಲ್ಲಾಂದರೆ ಝುಣಕ. ಹಿಂಗಾರಿ ಜೋಳದ ಸುತ್ತ ಕುಸುಬಿ ಹಾಕುತ್ತಿದ್ದರು. ಮುಳ್ಳಿಗೆ ಹೆದರಿ ದನ ಒಳಗೆ ಬರೋದಿಲ್ಲ, ಎಳೆ ಎಲೆ ಪಲ್ಯಕ್ಕೆ ಆಗುತ್ತದೆ, ಕಾಳು ಗಾಣಕ್ಕೆ ಹೋದರೆ ಎಣ್ಣೆ. ಒಂದು ಸಾಲು ಬಿತ್ತಿ ಮೂರು ಕೆಲಸ! ಹೊಲಕ್ಕೆ ಹೋಗೋರ ಬುತ್ತಿಯಲ್ಲಿ ರೊಟ್ಟಿ, ಗುರೆಳ್ಳು ಚಟ್ನಿ ಇಲ್ಲವೇ ಅಗಸಿ ಚಟ್ನಿ, ಗುದ್ದಿ ಒಡೆದ ಉಳ್ಳಾಗಡ್ಡಿ. ರಾತ್ರಿ ಜೋಳದ ನುಚ್ಚು, ಮಜ್ಜಿಗೆ.

ಅಕ್ಕಿ ಅನ್ನೋದು ಬೀಗರು ಬಂದಾಗ. ಹಾನಗಲ್ ಕಡೆಯವರದು ಬೇರೆ, ಅಲ್ಲಿ ಭತ್ತ ಬೆಳೆಯುತ್ತದೆ. ನಮ್ಮಲ್ಲಿ ಅನ್ನ ಅಂದರೆ ನವಣಕ್ಕಿ ಅನ್ನ.

ಇಲ್ಲಿ ನನಗೆ ಸಿಟ್ಟು ಬರೋ ಒಂದು ಮಾತು ಹೇಳಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದಮೇಲೆ ಎಲ್ಲರ ಮೊಬೈಲಿನಲ್ಲೂ ಅದೇ, ಹಿರಿಯರು ನವಣೆ ತಿಂದು ಗಟ್ಟಿಮುಟ್ಟಾಗಿದ್ದರು, ನಾವೇ ಬಿಟ್ಟು ಕೆಟ್ಟೆವು ಅಂತ. ನವಣೆ ಒಳ್ಳೆಯದೇ, ಇಲ್ಲ ಅನ್ನೋದಿಲ್ಲ. ಆದರೆ ಆ ನವಣೆ ಅಕ್ಕಿಯಾಗಿ ಮನೆಗೆ ಬರುತ್ತಿರಲಿಲ್ಲ. ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಹೊಟ್ಟು ಉಳಿದರೆ ಮತ್ತೆ ಕುಟ್ಟಬೇಕು. ಅಜ್ಜಿಯ ಅಂಗೈ ನೋಡು, ಇವತ್ತಿಗೂ ಬೆರಳಿನ ಬುಡದಲ್ಲಿ ಗಟ್ಟಿ ಇದೆ. ಮಿಲ್ಲಿನ ಅಕ್ಕಿ ಸಿಕ್ಕಾಗ ಹೆಣ್ಣುಮಕ್ಕಳು ಒನಕೆ ಮೂಲೆಗಿಟ್ಟರೆ ಅದು ತಪ್ಪು ಅಂತ ನಾನಂತೂ ಹೇಳಲಾರೆ. ಆ ಊಟ ಹೊಗಳೋರು ಆ ಕೈಗಳ ಹೆಸರೂ ತೆಗೀಬೇಕು.

ಇನ್ನು ಹಗೇವು. ನೆಲದೊಳಗಿನ ಗುಂಡಿಯಲ್ಲಿ ಜೋಳ ತುಂಬಿಟ್ಟು, ಬಾಯಿ ತೆಗೆದ ಮೇಲೆ ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಕೆಟ್ಟ ಗಾಳಿ ಇರುತ್ತಿತ್ತಲ್ಲ. ನಮ್ಮ ಹಗೇವು ಎಲ್ಲಿತ್ತು ಅಂತ ಅಪ್ಪಗೆ ಗೊತ್ತಿರಬೇಕು, ಕೇಳು.

ಅಜ್ಜಿಗೆ ಕೇಳೋದು ಇಷ್ಟು: ಮಳೆ ಕೈಕೊಟ್ಟ ವರ್ಷ ಯಾವುದು ಮೊದಲು ತಾಟಿನಿಂದ ಹೋಗುತ್ತಿತ್ತು, ಮನೆಯಲ್ಲಿ ಕೊನೆಗೆ ಉಣ್ಣುತ್ತಿದ್ದವರು ಯಾರು, ಅವರಿಗೆ ಏನು ಉಳಿಯುತ್ತಿತ್ತು, ಚಹಾ ಯಾವಾಗ ಶುರುವಾಯಿತು. ಒಂದೇ ದಿನಕ್ಕೆ ಕೇಳಬೇಡ, ದಣಿಯುತ್ತಾಳೆ. ಅವಳ ಮಾತಿನಲ್ಲೇ ಬರಿ, ತಿದ್ದಬೇಡ. ಆಗದಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸು, ನಾನೇ ಬರೆದುಕೊಳ್ಳುತ್ತೇನೆ.

ಪಾರ್ಸಲ್ಲಿನಲ್ಲಿ ಕಾಳು ಕಟ್ಟಬೇಡ, ಇಲ್ಲಿ ಬೀಜ ಕಂಡರೆ ಬಿಡೋದಿಲ್ಲ. ಅಪ್ಪ ಗುಳಿಗೆ ಸರಿಯಾಗಿ ತೊಗೋತಾರಾ ನೋಡಿಕೋ.

ನಿನ್ನ ಮಗಳು