ಕೇಕ್ ಮುಂದೆ ಸ್ನೋ ಸ್ಪ್ರೇ ಬೇಡ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಮಕ್ಕಳ ಹುಟ್ಟುಹಬ್ಬ ಮಾಡುವ ಅಪ್ಪ ಅಮ್ಮಂದಿರಿಗೆ ಒಂದು ಮಾತು ಹೇಳಬೇಕಿದೆ. ಕೇಕ್ ಕತ್ತರಿಸುವಾಗ ಸ್ನೋ ಸ್ಪ್ರೇ ಹೊಡೆಯುವುದನ್ನು ದಯವಿಟ್ಟು ನಿಲ್ಲಿಸಿ.

ಆ ಡಬ್ಬಿಯಿಂದ ನೊರೆ ಅಷ್ಟು ಜೋರಾಗಿ ಚಿಮ್ಮಬೇಕಾದರೆ ಒಳಗೆ ಗ್ಯಾಸ್ ಒತ್ತಿ ತುಂಬಿರಬೇಕು. ಅನೇಕ ಡಬ್ಬಿಗಳಲ್ಲಿ ಇರುವುದು ಬ್ಯುಟೇನ್, ಪ್ರೊಪೇನ್, ಅಂದರೆ ನಮ್ಮ ಅಡುಗೆ ಸಿಲಿಂಡರಿನಲ್ಲಿ ಇರುವಂಥದ್ದೇ. ಮೇಣದಬತ್ತಿ ಉರಿಯುತ್ತಿರುವಾಗ, ಅದರಲ್ಲೂ ಈಗ ಕಿಡಿ ಹಾರಿಸುವ ಕ್ಯಾಂಡಲ್ ಬಂದಿದೆಯಲ್ಲ, ಅದರ ಪಕ್ಕ ನಿಂತು ಮಗುವಿನ ತಲೆ ಮೇಲೆ ಅದನ್ನು ಹೊಡೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಕಿ ಹತ್ತುತ್ತದೆ. ಹುಟ್ಟುಹಬ್ಬದ ಮಗು ಹಾಕಿರುವುದು ನೈಲಾನ್ ನೆಟ್ ಫ್ರಾಕ್ ಆಗಿದ್ದರೆ ಕೇಳುವುದೇ ಬೇಡ, ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಗ್ಯಾಸ್ ಬಲೂನ್ ಕಥೆಯೂ ಅಷ್ಟೆ. ಹೀಲಿಯಂ ಉರಿಯುವುದಿಲ್ಲ, ಆದರೆ ದುಬಾರಿ. ಅದಕ್ಕೇ ಎಷ್ಟೋ ಕಡೆ ಹೈಡ್ರೋಜನ್ ತುಂಬಿ ಕೊಡುತ್ತಾರೆ, ಅದು ಕಿಡಿ ತಗುಲಿದರೆ ಸಾಕು ಧಗ್ ಎಂದು ಹೊತ್ತಿಕೊಳ್ಳುತ್ತದೆ. ಯಾವ ಗ್ಯಾಸ್ ಅಂತ ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಸುಮ್ನೆ ಪಂಪ್‌ನಲ್ಲಿ ಗಾಳಿ ತುಂಬಿ ಗೋಡೆಗೆ ಕಟ್ಟಿ, ಮಕ್ಕಳಿಗೆ ಅದೇ ಖುಷಿ. ಒಡೆದ ಬಲೂನಿನ ಚೂರುಗಳನ್ನು ಮಾತ್ರ ಆಗಿಂದಾಗ್ಗೆ ಆರಿಸಿ ಹಾಕಿ, ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆಯಾಗುವುದು ಕೇಕ್ ಕತ್ತರಿಸುವ ಆ ಎರಡು ನಿಮಿಷ. ಮಕ್ಕಳೆಲ್ಲ ಟೇಬಲ್ ಸುತ್ತ ಮುತ್ತಿಕೊಂಡಿರುತ್ತಾರೆ, ಕೂದಲು ಬಿಟ್ಟ ಹುಡುಗಿಯರು ಬತ್ತಿಯ ಮೇಲೆ ಬಾಗಿರುತ್ತಾರೆ, ದೊಡ್ಡವರೆಲ್ಲ ವಿಡಿಯೋ ಮಾಡುತ್ತಾ ಹಿಂದೆ ನಿಂತಿರುತ್ತಾರೆ. ಫೋನ್ ಹಿಡಿಯದ ಒಬ್ಬರು, ಅಜ್ಜಿಯೋ ಚಿಕ್ಕಪ್ಪನೋ ಯಾರಾದರೂ ಸರಿ, ಮಗುವಿನ ಪಕ್ಕದಲ್ಲೇ ನಿಲ್ಲಬೇಕು. ಬತ್ತಿ ಆರಿಸಿದ ಕೂಡಲೇ ತೆಗೆದು ಸಿಂಕಿಗೆ ಹಾಕುವುದು ಅವರ ಕೆಲಸ. ಸುಟ್ಟರೆ ಆ ಜಾಗವನ್ನು ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಐಸ್ ಯಾವುದೂ ಬೇಡ. ಗಾಯ ದೊಡ್ಡದಿದ್ದರೆ ಅಥವಾ ಮುಖ, ಕೈ ಸುಟ್ಟಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಉಳಿದದ್ದು ಅಷ್ಟು ಕಷ್ಟವಲ್ಲ. ಸಂಜೆ ನಾಲ್ಕಕ್ಕೆ ಕರೆದು ಆರಕ್ಕೆ ಮುಗಿಸಿದರೆ ಸಾಕು, ಅದಕ್ಕಿಂತ ಹೊತ್ತಾದರೆ ಮಕ್ಕಳು ದಣಿದು ರಂಪ ಶುರುವಾಗುತ್ತದೆ. ಕರೆಯುವಾಗಲೇ ಯಾವ ಮಗುವಿಗೆ ಕಡಲೆಕಾಯಿ, ಹಾಲು, ಮೊಟ್ಟೆ ಆಗುವುದಿಲ್ಲ ಅಂತ ಕೇಳಿಕೊಳ್ಳಿ. ಚಿತ್ರಾನ್ನ, ಕೋಸಂಬರಿ, ಪಾಯಸ ಮಾಡಿದರೂ ಮಕ್ಕಳು ತಟ್ಟೆ ಖಾಲಿ ಮಾಡುತ್ತಾರೆ. ಕುರ್ಚಿ ಆಟ, ಅಂಗಳವಿದ್ದರೆ ಲಗೋರಿ ಆಡಿಸಿ. ರಿಟರ್ನ್ ಗಿಫ್ಟ್ ವಿಷಯದಲ್ಲಿ ಒಬ್ಬರನ್ನು ನೋಡಿ ಇನ್ನೊಬ್ಬರು ಖರ್ಚು ಏರಿಸುತ್ತಾ ಹೋದರೆ ಕೈಯಲ್ಲಿ ದುಡ್ಡಿಲ್ಲದವರು ತಮ್ಮ ಮಗುವನ್ನು ಕಳಿಸುವುದಕ್ಕೇ ಹಿಂಜರಿಯುತ್ತಾರೆ, ಇದು ಬಹಳ ಬೇಜಾರಿನ ವಿಷಯ ಅಲ್ವಾ?

2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕಾಟನ್ ಕ್ಯಾಂಡಿ, ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಒಂದೇ ಆದೇಶದಿಂದ ಬೀದಿ ಬೀದಿಯ ಜನಕ್ಕೂ ವಿಷಯ ಮುಟ್ಟಿತು. ಸ್ನೋ ಸ್ಪ್ರೇ ಬಗ್ಗೆಯೂ ಹಾಗೆ ಏನಾದರೂ ಆಗಬೇಕು. ಡಬ್ಬಿಯ ಮೇಲೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಬರೆದರೆ ಯಾರು ಓದುತ್ತಾರೆ? 'ಬೆಂಕಿ ಹತ್ತಿರ ಬಳಸಬೇಡಿ' ಅಂತ ಕನ್ನಡದಲ್ಲಿ ದಪ್ಪಗೆ ಬರೆಯಬೇಕು, ಮಕ್ಕಳ ಕೈಗೆ ಮಾರಬಾರದು, ಕೇಕ್ ಅಂಗಡಿಗಳು ಕ್ಯಾಂಡಲ್ ಜೊತೆಗೆ ಅದನ್ನೂ ಜೋಡಿಸಿ ಕೊಡುವುದನ್ನು ಬಿಡಬೇಕು. ಸಂಬಂಧಪಟ್ಟ ಅಧಿಕಾರಿಗಳು ಇದನ್ನು ಗಮನಿಸಲಿ, ತಮ್ಮ ಪತ್ರಿಕೆಯೂ ಒಂದು ವರದಿ ಮಾಡಲಿ ಎಂದು ಕೋರುತ್ತೇನೆ.

— ಒಬ್ಬ ತಾಯಿ, ಮೈಸೂರು