ಮೆಣಸಿನಕಾಯಿಯ ದರ್ಜೆ ಕಲಿಸಿಕೊಟ್ಟವರಿಗೆ

ಕಂಪ್ಯೂಟರ್ ವಿಜ್ಞಾನದಲ್ಲಿ ನಾನು ಸಲ್ಲಿಸಿದ್ದ ಪಿಎಚ್.ಡಿ. ಮಹಾಪ್ರಬಂಧದ ಮೌಖಿಕ ಪರೀಕ್ಷೆ ಕಳೆದ ವಾರ ಧಾರವಾಡದಲ್ಲಿ ಮುಗಿದು, ಪದವಿಗೆ ಶಿಫಾರಸು ದೊರೆತಿದೆ. ಒಣ ಮೆಣಸಿನಕಾಯಿಯ ಚಿತ್ರಗಳಿಂದ ಅದರ ದರ್ಜೆಯನ್ನು ಗುರುತಿಸುವ ವಿಧಾನ ನನ್ನ ವಿಷಯವಾಗಿದ್ದರಿಂದ, ನನ್ನ ಮೊದಲ ವಂದನೆ ಬ್ಯಾಡಗಿ ಎಪಿಎಂಸಿ ಪ್ರಾಂಗಣದ ದಲಾಲರಿಗೆ, ಖರೀದಿದಾರರಿಗೆ, ಹಮಾಲರಿಗೆ ಹಾಗೂ ತೊಟ್ಟು ಬಿಡಿಸುವ ಅಕ್ಕಂದಿರಿಗೆ ಸಲ್ಲುತ್ತದೆ.

2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣ. ಪ್ರಯೋಗಾಲಯದಲ್ಲಿ ಆ ಬಣ್ಣವನ್ನು ಅಸಿಟೋನ್‌ನಲ್ಲಿ ಇಳಿಸಿ, ದ್ರಾವಣವು 460 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆದು ಆಸ್ಟಾ ಮಾನದಲ್ಲಿ (ಅಮೆರಿಕದ ಸಾಂಬಾರ ಪದಾರ್ಥ ವ್ಯಾಪಾರಿಗಳ ಸಂಘದ ಬಣ್ಣದ ಅಳತೆ) ಹೇಳುತ್ತಾರೆ. ಪೇಟೆಯಲ್ಲಿ ಅನುಭವಿಗಳು ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ಕಣ್ಣಳತೆಯಲ್ಲೇ ತೀರ್ಮಾನಿಸುತ್ತಾರೆ. ನನ್ನ ಪ್ರೋಗ್ರಾಂ ಕಲಿಯಬೇಕಾಗಿದ್ದದ್ದು ಈ ಎರಡನೆಯ ವಿದ್ಯೆಯನ್ನು. ಟೆಂಡರಿನ ಗದ್ದಲ ಇಳಿದ ಮೇಲೆ ಮೂವರು ಹಿರಿಯರು, ಒಬ್ಬರ ತೀರ್ಪು ಇನ್ನೊಬ್ಬರಿಗೆ ತಿಳಿಯದಂತೆ ಬೇರೆ ಬೇರೆ ಕುಳಿತು, ಪ್ರತಿ ಚಿತ್ರದಲ್ಲಿರುವುದು ಉಬ್ಬಿದ ಡಬ್ಬಿ ಕಾಯಿಯೋ ತೆಳ್ಳನೆಯ ಕಡ್ಡಿ ಕಾಯಿಯೋ, ಯಾವ ದರ್ಜೆಯದು ಎಂದು ಬರೆದುಕೊಟ್ಟರು. 1960ರಲ್ಲಿ ಜೇಕಬ್ ಕೋಹೆನ್ ರೂಪಿಸಿದ, ಆಕಸ್ಮಿಕ ಹೊಂದಿಕೆಯನ್ನು ಕಳೆದು ಇಬ್ಬರ ಒಮ್ಮತವನ್ನು ತೋರಿಸುವ ಕಪ್ಪಾ ಅಳತೆಯಿಂದ ಇಬ್ಬಿಬ್ಬರ ತೀರ್ಪುಗಳನ್ನು ಹೋಲಿಸಲು ಸಾಧ್ಯವಾದದ್ದು ಅವರ ಆ ತಾಳ್ಮೆಯಿಂದಲೇ.

ಅವರಲ್ಲೊಬ್ಬರು ಲ್ಯಾಪ್‌ಟಾಪ್ ಪರದೆಯನ್ನು ನೋಡುತ್ತ, "ಕೈಯಾಗ ಹಿಡೀದ ಹಸಿ ಹೆಂಗ ತಿಳೀತೈತಿ ಯವ್ವಾ?" ಎಂದು ಕೇಳಿದ್ದರು. ಕಾಯಿಯನ್ನು ಅಲುಗಾಡಿಸಿ ಬೀಜದ ಸದ್ದು ಕೇಳಿ, ಮುರಿದು ನೋಡಿ ತೇವವನ್ನು ಅಂದಾಜು ಮಾಡುವವರ ಪ್ರಶ್ನೆ ಅದು. ಆ ಮಾತಿನಿಂದಾಗಿ ಪ್ರಬಂಧದ ವ್ಯಾಪ್ತಿಯನ್ನು ಬಣ್ಣ ಮತ್ತು ಸುಕ್ಕಿಗೆ ಸೀಮಿತಗೊಳಿಸಿದೆವು. ಬಾಹ್ಯ ಪರೀಕ್ಷಕರೂ ಅದನ್ನೇ ಕೇಳಿದಾಗ ಉತ್ತರ ಸಿದ್ಧವಾಗಿತ್ತು.

ನನ್ನ ಮಾರ್ಗದರ್ಶಕರಿಗೆ ನಾನು ಋಣಿ. ಒಂದೇ ಚೀಲದ ಚಿತ್ರಗಳು ಪ್ರೋಗ್ರಾಂ ನೋಡಿ ಕಲಿಯುವ ತರಬೇತಿಗೂ, ಕಲಿತದ್ದನ್ನು ಅಳೆಯುವ ಪರೀಕ್ಷೆಗೂ ಹಂಚಿಹೋದರೆ ಪ್ರೋಗ್ರಾಂ ದರ್ಜೆಯನ್ನು ಕಲಿಯುವ ಬದಲು ಚೀಲವನ್ನೇ ನೆನಪಿಟ್ಟುಕೊಂಡು ಅಂಕ ಗಳಿಸಿಬಿಡುತ್ತದೆ, ಆದ್ದರಿಂದ ಒಂದು ಚೀಲದ ಎಲ್ಲ ಚಿತ್ರಗಳೂ ಒಂದೇ ಕಡೆ ಇರಬೇಕು ಎಂದು ಅವರು ಆರಂಭದಲ್ಲೇ ಪಟ್ಟು ಹಿಡಿದರು. ಇದರಿಂದ ನಮ್ಮ ನಿಖರತೆಯ ಅಂಕಿ ಸಪ್ಪೆಯಾಗಿ ಕಾಣಬಹುದು. ಆದರೆ ಪೇಟೆಗೆ ನಾಳೆ ಬರುವ ಹೊಸ ಚೀಲದ ಮುಂದೆ ನಿಲ್ಲುವ ಅಂಕಿ ಅದೊಂದೇ ಎಂಬುದು ನನ್ನ ದೃಢ ಅಭಿಪ್ರಾಯ.

ತಗಡಿನ ಛಾವಣಿಯ ಕೆಳಗೆ ಬೆಳಕು ಗಳಿಗೆಗೊಂದು ಬಗೆ. ಚಿತ್ರದ ಬಣ್ಣವನ್ನು ಆಮೇಲೆ ಸರಿಹೊಂದಿಸಲೆಂದು ಪ್ರತಿ ರಾಶಿಯ ಪಕ್ಕದಲ್ಲೂ ಬೂದು ಬಣ್ಣದ ಕಾರ್ಡ್ ಹಿಡಿದು ನಿಂತವರು ಹಮಾಲರ ಮಕ್ಕಳು, ಅದೂ ಘಾಟಿಗೆ ಸೀನುತ್ತಲೇ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎನ್ನುವವರು ಹಂಗಾಮಿನಲ್ಲಿ ಒಮ್ಮೆ ಆ ಪ್ರಾಂಗಣದಲ್ಲಿ ನಿಂತು ನೋಡಬೇಕು.

ಶಿಷ್ಯವೇತನ ತಡವಾದ ತಿಂಗಳುಗಳಲ್ಲಿ ಕೈ ಬಿಡದ ಅಣ್ಣನಿಗೆ, ಬುತ್ತಿ ಕಟ್ಟಿ ಕಳಿಸಿದ ಅವ್ವನಿಗೆ, ರಾತ್ರಿಯಿಡೀ ನಡೆಯುತ್ತಿದ್ದ ತರಬೇತಿಯ ಮೇಲೆ ಕಣ್ಣಿಟ್ಟ ಲ್ಯಾಬಿನ ಗೆಳತಿಯರಿಗೆ ನನ್ನ ನಮಸ್ಕಾರಗಳು.

ಪ್ರಬಂಧದ ಸಾರಾಂಶವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಂದಿನ ಹಂಗಾಮಿಗೆ ಮೊದಲು ಅದರ ಪ್ರತಿಗಳನ್ನು ಪ್ರಾಂಗಣದ ಅಂಗಡಿಗಳಿಗೆ ನಾನೇ ತಂದುಕೊಡುತ್ತೇನೆ. ಪ್ರೋಗ್ರಾಂ ಕೊಟ್ಟ ದರ್ಜೆ ಎಲ್ಲೆಲ್ಲಿ ನಿಮ್ಮ ಕಣ್ಣಿಗೆ ಒಪ್ಪುವುದಿಲ್ಲವೋ ಅಲ್ಲಲ್ಲಿ ದಯವಿಟ್ಟು ಗುರುತು ಹಾಕಿಕೊಡಬೇಕು.