ಅಪ್ಪನನ್ನು ಹುಡುಕಿಕೊಟ್ಟವರಿಗೆ

ಅಪ್ಪ ಸಿಕ್ಕಿ ನಿನ್ನೆಗೆ ಒಂದು ತಿಂಗಳಾಯಿತು. ಅವತ್ತು ಯಾರಿಗೂ ಸರಿಯಾಗಿ ಒಂದು ಮಾತು ಹೇಳಲು ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅಪ್ಪನಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ. ಜುಲೈಯ ಆ ಮಧ್ಯಾಹ್ನ ಊಟ ಮಾಡಿ ಮಲಗಿದ್ದವರು, ಜೋರು ಮಳೆಯಲ್ಲಿ ಕೊಡೆ ಕೂಡ ಇಲ್ಲದೆ ಹೊರಟುಹೋಗಿದ್ದರು. ಸಿಗಲು 26 ಗಂಟೆ ಬೇಕಾಯಿತು.

ದೂರು ಕೊಡಲು 24 ಗಂಟೆ ಕಾಯಬೇಕು ಎಂದು ಯಾರೋ ಹೇಳಿದರು. ಹಾಗೇನಿಲ್ಲ. 112ಕ್ಕೆ ಫೋನ್ ಮಾಡಿದೆ, ಪೊಲೀಸರು ಕೂಡಲೇ ಬರೆದುಕೊಂಡರು. ಮನೆಯಲ್ಲಿ ಇಂಥ ಹಿರಿಯರಿದ್ದರೆ ಇದು ನೆನಪಿರಲಿ. ಅವರ ಅಂಗಿಯ ಒಳಗೆ ಫೋನ್ ನಂಬರ್ ಹೊಲಿದಿಡಿ. ನಾವು ಈಗ ಹಾಗೇ ಮಾಡಿದ್ದೇವೆ.

ನಮ್ಮ ಸ್ಟ್ಯಾಂಡಿನ ರಿಕ್ಷಾದ ಅಣ್ಣಂದಿರು ಬಾಡಿಗೆ ಬಿಟ್ಟು ರಾತ್ರಿ ಒಂದು ಗಂಟೆಯವರೆಗೆ ಸುತ್ತಿದರು. ಪೆಟ್ರೋಲಿಗೂ ದುಡ್ಡು ತೆಗೆದುಕೊಳ್ಳಲಿಲ್ಲ. ಸಿಟಿ ಬಸ್ಸಿನ ಕಂಡಕ್ಟರುಗಳು ಮೊಬೈಲಿನಲ್ಲಿ ಅಪ್ಪನ ಫೋಟೋ ಇಟ್ಟುಕೊಂಡು ಓಡಾಡಿದರು. ಚರ್ಚಿನ ಯುವಕರು, ಪಕ್ಕದ ಮಸೀದಿಯ ಹುಡುಗರು ಒಟ್ಟಿಗೇ ಉಡುಪಿಯ ಕಲ್ಸಂಕ, ರಥಬೀದಿ, ಇಂದ್ರಾಳಿ ಸ್ಟೇಷನ್ ಎಲ್ಲ ನೋಡಿ ಬಂದರು. ನಾನು ಬೀದಿ ಬೀದಿಯಲ್ಲಿ ಒಂದೇ ಮಾತು ಕೂಗುತ್ತಿದ್ದೆ. "ಅಪ್ಪಾ, ಎಲ್ಲಿದ್ದೀರಿ?"

ಬೈಬಲಿನಲ್ಲಿ, ತಪ್ಪು ಮಾಡಿ ಏದೆನ್ ತೋಟದಲ್ಲಿ ಅಡಗಿ ಕೂತ ಮೊದಲ ಮನುಷ್ಯ ಆದಾಮನಿಗೆ ದೇವರು ಮೊದಲು ಕೇಳಿದ್ದೂ ಇದನ್ನೇ, ಎಲ್ಲಿದ್ದೀ ಎಂದು. ಚಿಕ್ಕಂದಿನಲ್ಲಿ ಅದು ನನಗೆ ತಪ್ಪು ಹಿಡಿಯುವವರ ದನಿಯಾಗಿ ಕೇಳಿಸುತ್ತಿತ್ತು. ಆ ರಾತ್ರಿ ನನ್ನದೇ ಗಂಟಲಿನಿಂದ ಆ ಮಾತು ಬಂದಾಗ ಅದರಲ್ಲಿ ಸಿಟ್ಟಿನ ಒಂದು ಹನಿಯೂ ಇರಲಿಲ್ಲ.

ಕೊನೆಗೆ ಗುರುತು ಹಿಡಿದದ್ದು ನಮ್ಮ ಮನೆಗೆ ಮೀನು ತರುವ ಅಕ್ಕ. "ಮಲ್ಪೆ ಬಂದರಿನಲ್ಲಿ ಕೂತಿದ್ದಾರೆ, ಬೇಗ ಬನ್ನಿ. ನಾನು ಬಿಟ್ಟು ಹೋಗುವುದಿಲ್ಲ" ಎಂದರು. ಹೋಗಲೇ ಇಲ್ಲ.

ಜೂನ್, ಜುಲೈಯಲ್ಲಿ ಬೋಟುಗಳಿಗೆ ರಜೆ ಅಲ್ವಾ. ಎಲ್ಲ ದಕ್ಕೆಯಲ್ಲಿ ಕಟ್ಟಿದ್ದವು. ಬಲೆ ರಿಪೇರಿ ಮಾಡುವವರ ಪಕ್ಕದಲ್ಲಿ ಅಪ್ಪ ಇದ್ದರು. ಯಾರೋ ಒಣ ಬೈರಾಸು (ಟವೆಲ್) ಹೊದೆಸಿ, ಚಾ ಕೊಟ್ಟಿದ್ದರು. ಅಪ್ಪ 30 ವರ್ಷ ಅಲ್ಲಿನ ಐಸ್ ಪ್ಲಾಂಟಿನಲ್ಲಿ ದುಡಿದವರು, ಡ್ಯೂಟಿಗೆ ಬಂದಿದ್ದರು. ನನ್ನನ್ನು ನೋಡಿ, "ಅಯ್ಯೋ, ಈ ಮಳೆಯಲ್ಲಿ ನೀನ್ಯಾಕೆ ಬಂದೆ ಮಗಾ? ಊಟ ಆಯ್ತಾ?" ಎಂದರು.

ತಾನು ಕಳೆದುಹೋಗಿದ್ದೇನೆ ಎಂದೇ ಅವರಿಗೆ ಗೊತ್ತಿರಲಿಲ್ಲ.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಮೂರು ಕಥೆಗಳಿವೆ. ಕುರಿ, ನಾಣ್ಯ, ಮಗ. ಕಳೆದುಹೋದ ಕುರಿ ಕೂಗಬಹುದು. ಮನೆ ಬಿಟ್ಟು ಹೋದ ಮಗನಿಗೆ ಹಸಿವಾಯಿತು, ಎದ್ದು ಮನೆಗೆ ಹೊರಟ. ನಾಣ್ಯಕ್ಕೆ ಮಾತ್ರ ಏನೂ ಗೊತ್ತಿಲ್ಲ, ಸುಮ್ನೆ ಬಿದ್ದಿರುತ್ತದೆ. ಅದು ಒಂದು ದ್ರಾಕ್ಮ, ಆ ಕಾಲದ ಸುಮಾರು ಒಂದು ದಿನದ ಕೂಲಿ. ಅದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಸಿಗುವ ತನಕ ಹುಡುಕುತ್ತಾಳೆ. ಸಿಕ್ಕಿದ ಮೇಲೆ ನೆರೆಮನೆಯವರನ್ನೆಲ್ಲ ಕರೆಯುತ್ತಾಳೆ.

ನಾನೂ ಆ ನಾಣ್ಯವೇ ಆಗಿದ್ದೆ. ಅಮ್ಮ ತೀರಿಕೊಂಡ ಮೇಲೆ ಎಂಟು ವರ್ಷ ಚರ್ಚಿಗೆ ಹೋಗಲಿಲ್ಲ. ಮೊದಲು ದೇವರ ಮೇಲೆ ಸಿಟ್ಟಿತ್ತು. ಆಮೇಲೆ ಸಿಟ್ಟೂ ಉಳಿಯಲಿಲ್ಲ, ಹೋಗದಿರುವುದೇ ಅಭ್ಯಾಸವಾಯಿತು. ಸಭಾಪಾಲಕರು ಆಗಾಗ ಮನೆಗೆ ಬರುತ್ತಿದ್ದರು. ಯಾಕೆ ಬರುತ್ತಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಕ್ಯಾರೊಲ್ಸ್ ತಂಡ ಬರುತ್ತಿತ್ತು. ಒಂದು ವರ್ಷ ನಾನು ಬೇಕೆಂದೇ ಲೈಟ್ ಆರಿಸಿ ಒಳಗೆ ಕೂತಿದ್ದೆ. ಅವರು ಕತ್ತಲಲ್ಲೇ ಗೇಟಿನ ಹೊರಗೆ ನಿಂತು ಒಂದು ಹಾಡು ಹಾಡಿ ಹೋದರು. ಮರುವರ್ಷ ಮತ್ತೆ ಬಂದರು. ಅವರ ಜೊತೆ ದೇವರೂ ಆ ಗೇಟಿನಲ್ಲಿ ನಿಂತಿದ್ದರು ಎಂದು ಈಗ ಪೂರ್ತಿ ನಂಬುತ್ತೇನೆ.

ಹುಡುಕಿದ ಎಲ್ಲರಿಗೂ, ಚಾ ಕೊಟ್ಟವರಿಗೂ, ಮೀನಿನ ಅಕ್ಕನಿಗೂ ಕೈಮುಗಿಯುತ್ತೇನೆ. ಬೈರಾಸು ನಮ್ಮಲ್ಲೇ ಉಳಿದಿದೆ, ಒಗೆದು ಇಟ್ಟಿದ್ದೇನೆ. ಯಾರದ್ದೆಂದು ತಿಳಿಸಿ, ತಂದುಕೊಡುತ್ತೇನೆ. ಕ್ಯಾರೊಲ್ಸಿನ ಮಕ್ಕಳೇ, ಈ ಡಿಸೆಂಬರಿನಲ್ಲಿ ಗೇಟಿನ ಲೈಟ್ ಉರಿಯುತ್ತಿರುತ್ತದೆ. ಒಳಗೆ ಬನ್ನಿ. ಅಪ್ಪನಿಗೆ ನನ್ನ ಹೆಸರು ಕೆಲವು ದಿನ ಮರೆತುಹೋಗುತ್ತದೆ, ಹಾಡುಗಳು ಮಾತ್ರ ಇನ್ನೂ ನೆನಪಿವೆ.